ಒಂದು ಪೆಟ್ಟಿಗೆಗೆ ಎರಡು ಜೋಡಿ ತಂತಿ

ಉತ್ತಮ ದರ್ಜೆಯ ಕೆಲವು ಸ್ಪೀಕರ್ ಪೆಟ್ಟಿಗೆಗಳ ಹಿಂಬದಿಯಲ್ಲಿ ಎರಡರ ಬದಲು ನಾಲ್ಕು ತಿರುಪುಗಳಿರುತ್ತವೆ. ಒಂದು ಜೋಡಿ ತಾರಸ್ವರಗಳನ್ನು ನುಡಿಸುವ ಚಿಕ್ಕ ಸ್ಪೀಕರಿಗೆ, ಇನ್ನೊಂದು ಮಂದ್ರಸ್ವರಗಳ ದೊಡ್ಡ ಸ್ಪೀಕರಿಗೆ. ಇವನ್ನು ಕೂಡಿಸುವ ಲೋಹದ ಪಟ್ಟಿಯನ್ನು ತೆಗೆದು, ಒಂದೇ ಆಂಪ್ಲಿಫೈಯರಿನಿಂದ ಎರಡು ಜೋಡಿ ತಂತಿಗಳನ್ನು ಬೇರೆ ಬೇರೆಯಾಗಿ ಎಳೆದರೆ ನಾದವು ನಿರ್ಮಲವಾಗುವುದೆಂದು ಹಲವರು ಹೇಳುತ್ತಾರೆ. ತಂತಿಯ ಖರ್ಚಂತೂ ಇಮ್ಮಡಿಯಾಗುತ್ತದೆ. ನಾದದ ವಿಷಯವನ್ನು ಪರೀಕ್ಷಿಸಲು ಓಮನು 1827ರಲ್ಲಿ ಪ್ರಕಟಿಸಿದ ನಿಯಮವೇ ಬಹುಮಟ್ಟಿಗೆ ಸಾಕು.

ತಾಮ್ರದ ವಿಶಿಷ್ಟ ರೋಧವು ಸುಮಾರು 1.7 × 10⁻⁸ ಓಮ್-ಮೀಟರ್. ಪೆಟ್ಟಿಗೆಯು 3 ಮೀಟರ್ ದೂರದಲ್ಲಿದ್ದರೆ, ಹೋಗಿ ಬರುವ ತಂತಿಯ ಉದ್ದ 6 ಮೀಟರ್. ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 1.5 ಚದರ ಮಿಲಿಮೀಟರ್ ಆದರೆ ಅದರ ರೋಧ 0.068 ಓಮ್. 8 ಓಮ್ ಸ್ಪೀಕರಿನೊಡನೆ ಇದರಿಂದಾಗುವ ನಷ್ಟ ಸುಮಾರು 0.07 ಡೆಸಿಬೆಲ್. ಸಾಮಾನ್ಯ ಆಲಿಕೆಯಲ್ಲಿ ನಮ್ಮ ಕಿವಿ ಗುರುತಿಸುವುದು 1 ಡೆಸಿಬೆಲ್‌ನಷ್ಟು ವ್ಯತ್ಯಾಸವನ್ನು.

ತಂತಿಯ ರೋಧವು ಎಲ್ಲೆಡೆಯೂ ನಗಣ್ಯವೆಂದಲ್ಲ. ಬಳ್ಳಾರಿಯ ಕೌಲ್ ಬಜಾರಿನಂಥ ಬೀದಿಯಲ್ಲಿ ಹಬ್ಬದ ದಿನ ಇದೇ ತಂತಿಯನ್ನು ಕಂಬದಿಂದ ಕಂಬಕ್ಕೆ 100 ಮೀಟರ್ ಎಳೆದು ಕೊನೆಗೆ 8 ಓಮ್ ಹಾರ್ನನ್ನು ಕಟ್ಟಿದರೆ, ತಂತಿಯ ರೋಧ 2.27 ಓಮ್ ಆಗುತ್ತದೆ. ಆಂಪ್ಲಿಫೈಯರ್ ಕೊಡುವ ಶಕ್ತಿಯ ಐದನೆಯ ಒಂದು ಪಾಲಿಗೂ ಹೆಚ್ಚು ಭಾಗ ತಂತಿಯನ್ನು ಬಿಸಿಮಾಡುವುದರಲ್ಲೇ ವ್ಯಯವಾಗುತ್ತದೆ. ಆದುದರಿಂದಲೇ ದೂರದ ಹಾರ್ನುಗಳಿಗೆ 70 ಅಥವಾ 100 ವೋಲ್ಟಿನಲ್ಲಿ ಶಕ್ತಿಯನ್ನು ಕಳುಹಿಸಿ, ಹಾರ್ನಿನ ಬಳಿ ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು ಇಳಿಸುವ ಕ್ರಮವಿದೆ. ವೋಲ್ಟೇಜು ಏರಿದರೆ ಅದೇ ಶಕ್ತಿಗೆ ಕಡಿಮೆ ಪ್ರವಾಹ ಸಾಕು. ತಂತಿಯ ಕಾವು ಪ್ರವಾಹದ ವರ್ಗದಂತೆ ಇಳಿಯುತ್ತದೆ.

ಮನೆಯ 3 ಮೀಟರಿಗೆ ಹಿಂದಿರುಗೋಣ. ಮಂದ್ರ ಮತ್ತು ತಾರ ಸ್ವರಗಳನ್ನು ಬೇರ್ಪಡಿಸುವುದು ಪೆಟ್ಟಿಗೆಯೊಳಗಿನ ವಿಭಾಜಕ ಮಂಡಲ. ಚಿಕ್ಕ ಸ್ಪೀಕರಿನ ದಾರಿಯಲ್ಲಿರುವ ಕೆಪಾಸಿಟರು ಮಂದ್ರದ ಪ್ರವಾಹವನ್ನು ತಡೆಯುತ್ತದೆ. ದೊಡ್ಡದರ ದಾರಿಯಲ್ಲಿರುವ ಸುರುಳಿಯು ತಾರದ ಪ್ರವಾಹವನ್ನು ತಡೆಯುತ್ತದೆ. ಹೀಗಾಗಿ ಎರಡು ಜೋಡಿ ತಂತಿಗಳಿದ್ದರೂ ಮಂದ್ರಕ್ಕೆ ದೊರೆಯುವುದು ಒಂದೇ ಜೋಡಿ. ಅದರ ರೋಧ ಮೊದಲಿನಂತೆಯೇ 0.068 ಓಮ್! ಎರಡೂ ಸ್ವರಗಳು ಕೂಡುವ ಮಧ್ಯದ ಆವೃತ್ತಿಗಳಲ್ಲಿ ಮಾತ್ರ ಅಲ್ಪ ಲಾಭವುಂಟು. ಲೋಹದ ಪಟ್ಟಿಯನ್ನು ತೆಗೆಯದೆ ಎರಡು ಜೋಡಿಗಳನ್ನೂ ಸಮಾಂತರವಾಗಿ ಕಟ್ಟಿದರೆ ರೋಧವು ಎಲ್ಲ ಆವೃತ್ತಿಗಳಿಗೂ ಅರ್ಧವಾಗುತ್ತದೆ.

ಮಂದ್ರದ ಭಾರಿ ಪ್ರವಾಹವು ತಾರದ ಸೂಕ್ಷ್ಮ ಪ್ರವಾಹವನ್ನು ಕಲಕುವುದೆಂಬುದು ಇನ್ನೊಂದು ವಾದ. ತಾಮ್ರದ ತಂತಿ ಓಮನ ನಿಯಮವನ್ನು ಪಾಲಿಸುವಷ್ಟು ಕಾಲ, ಕೊಳದಲ್ಲಿ ಎರಡು ಕಲ್ಲುಗಳೆಬ್ಬಿಸಿದ ಅಲೆಗಳಂತೆ, ಪ್ರವಾಹಗಳು ಒಂದನ್ನೊಂದು ಕೆಡಿಸದೆ ಸಾಗುತ್ತವೆ. ಆಂಪ್ಲಿಫೈಯರಿನೊಳಗೆಲ್ಲ ಒಂದೇ ದಾರಿಯಲ್ಲಿ ಕೂಡಿ ಬಂದ ಸ್ವರಗಳು ಕಡೆಯ ಮೂರು ಮೀಟರಿನಲ್ಲಿ ಮಾತ್ರ ಜಗಳವಾಡುವುವೆಂದು ನಂಬುವುದು ಕಷ್ಟ.

ಆದರೂ ಈ ವಾದದಲ್ಲಿ ಒಂದು ಎಳೆ ಸತ್ಯವುಂಟು. ದೊಡ್ಡ ಸ್ಪೀಕರು ಓಮನ ನಿಯಮವನ್ನು ಪೂರ್ಣವಾಗಿ ಪಾಲಿಸದು. ಅದರ ಪ್ರವಾಹದಲ್ಲಿ ನೂರರಲ್ಲೊಂದು ಪಾಲು ವಿಕೃತಿಯಿದ್ದರೆ, ಸಾಮಾನ್ಯ ತಂತಿಯ ರೋಧದ ಮೂಲಕ ಅದರ ನೆರಳು ಚಿಕ್ಕ ಸ್ಪೀಕರಿಗೂ ತಲುಪುತ್ತದೆ. ಅದರ ಪ್ರಮಾಣ 0.01 × 0.068 ÷ 8, ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟನ್ನು ಪ್ರತ್ಯೇಕ ತಂತಿಯು ನಿವಾರಿಸುತ್ತದೆ. ಆದರೆ ಸ್ಪೀಕರಿನೊಳಗಿನ ತಾಮ್ರದ ಸುರುಳಿಯೇ ಜೋರಾಗಿ ನುಡಿಯುವಾಗ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದರೆ, ಅದರ 6 ಓಮ್ ರೋಧವು ಸುಮಾರು 1.2 ಓಮ್ ಹೆಚ್ಚುತ್ತದೆ. ಇದು ನಮ್ಮ ತಂತಿಯ ಒಟ್ಟು ರೋಧದ ಹದಿನೇಳು ಪಟ್ಟು.

ಲೆಕ್ಕದಿಂದ ತೃಪ್ತರಾಗದವರು ಕಿವಿಯನ್ನೇ ಪರೀಕ್ಷಿಸಬಹುದು. ಗೆಳೆಯನೊಬ್ಬನು ಮರೆಯಲ್ಲಿ ನಾಣ್ಯವನ್ನು ಚಿಮ್ಮಿ, ಅದರಂತೆ ತಂತಿಗಳನ್ನು ಬದಲಿಸಲಿ. ಅವನ ಮುಖವೂ ಕೇಳುಗನಿಗೆ ಕಾಣಬಾರದು. ಮುಖಭಾವವೇ ಉತ್ತರವನ್ನು ಹೇಳಿಬಿಡುತ್ತದೆ. ಧ್ವನಿಯ ಮಟ್ಟವನ್ನು ಮುಟ್ಟದೆ, ಹಾಡಿನ ಅದೇ ತುಣುಕನ್ನು 16 ಸಲ ನುಡಿಸಿ, ಕೇಳುಗನು ಪ್ರತಿ ಸಲವೂ ಉತ್ತರವನ್ನು ಬರೆದಿಡಲಿ. ಬರಿಯ ಊಹೆಯಿಂದ 12 ಅಥವಾ ಹೆಚ್ಚು ಉತ್ತರಗಳು ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ. 8 ಸರಿಯಾದರೆ ಅದು ನಾಣ್ಯದ ಗಳಿಕೆಯೇ ಹೊರತು ತಂತಿಯದಲ್ಲ.