ಟಿಕೆಟ್ಟಿನ ಗಂಟೆಗಳನ್ನು ನೀನೇ ಕೂಡಿಸು

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಓದಲು ಸೀಟು ಸಿಕ್ಕಿತಂತೆ, ಬಹಳ ಸಂತೋಷ ಕಣಮ್ಮ. ಟಿಕೆಟ್ ತೆಗೆಯುವ ಮೊದಲು ಮನೆಯಲ್ಲಿರುವ ಗ್ಲೋಬಿನ ಮೇಲೆ ಬೆಂಗಳೂರಿನಿಂದ ಅಲ್ಲಿಗೆ ಒಂದು ದಾರ ಬಿಗಿಯಾಗಿ ಎಳೆದು ನೋಡು. ಗೋಡೆಯ ನಕ್ಷೆ ಇದಕ್ಕೆ ಆಗದು. ದಾರ ನೇರ ಪೂರ್ವಕ್ಕೆ ಹೋಗದೆ ಚೀನಾ, ಸೈಬೀರಿಯಾ ಹಾದು ಆರ್ಕ್ಟಿಕ್ ವೃತ್ತದೊಳಗೆ ಹೊಕ್ಕು ಅಲಾಸ್ಕದ ಕಡೆ ಇಳಿಯುತ್ತದೆ. ಅದರ ಉದ್ದ ಹೆಚ್ಚುಕಡಿಮೆ 14,000 ಕಿಲೋಮೀಟರ್.

ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹಾರುತ್ತದೆ. ಭಾಗಿಸಿದರೆ ಹದಿನೈದೂವರೆ ಗಂಟೆ. ಏರುವುದು, ಇಳಿಯುವುದು ಸೇರಿ ಹದಿನಾರು ಅನ್ನು. ಬರುವಾಗ ಇದೇ ಲೆಕ್ಕ ನಡೆಯುವುದಿಲ್ಲ, ಹೆಚ್ಚು ಹೊತ್ತು ಹಿಡಿಯುತ್ತದೆ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ತುಂಬ ಜನ ನಂಬಿದ್ದಾರೆ, ಅದು ತಪ್ಪು. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತದೆ. ಹೋಗುವಾಗ ಅದು ಬೆನ್ನಿಗಿರುತ್ತದೆ, ಬರುವಾಗ ಮುಖಕ್ಕೆ. ಗಾಳಿ ನೋಡಿಕೊಂಡು ಉದ್ದದ ದಾರಿಯನ್ನೇ ಹಿಡಿಯುವುದೂ ಉಂಟು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಬರೀ ಮಹಿಳಾ ಪೈಲಟ್‌ಗಳೇ ಏರ್ ಇಂಡಿಯಾದ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದರಲ್ಲ, ಅವರು ಹಾರಿದ್ದು ಸುಮಾರು 16,000 ಕಿ.ಮೀ. ಅಲ್ಲಿ ಹೊರಟದ್ದು 9ರ ರಾತ್ರಿ, ಇಲ್ಲಿ ಇಳಿದದ್ದು 11ರ ಬೆಳಗಿನ ಜಾವ. ತಾರೀಕು ಎರಡು ಸರಿದರೂ ಹಾರಿದ್ದು ಹದಿನೆಂಟು ಗಂಟೆಯ ಒಳಗೇ.

ಅದಕ್ಕೇ ಹೇಳುವುದು, ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಈ ಊರಿನದು, ತಲುಪುವ ಹೊತ್ತು ಆ ಊರಿನದು. ಒಂದರಿಂದ ಇನ್ನೊಂದನ್ನು ಕಳೆದು ಪ್ರಯಾಣ ಇಷ್ಟೇ ಅಂದುಕೊಳ್ಳಬೇಡ. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚಿನಿಂದ ನವೆಂಬರ್‌ವರೆಗೆ ಗಡಿಯಾರ ಮುಂದಿಡುವುದರಿಂದ ಹನ್ನೆರಡೂವರೆ.

ನೇರ ವಿಮಾನ ಸಿಗದೆ ನಡುವೆ ಇಳಿದು ಹತ್ತಬೇಕಾದರೆ ಇನ್ನಷ್ಟು ಎಚ್ಚರ ಬೇಕು. ಅಮೆರಿಕದಲ್ಲಿ ಮೊದಲು ಕಾಲಿಟ್ಟ ಊರಲ್ಲೇ ಇಮಿಗ್ರೇಷನ್ ಸಾಲು, ಅಲ್ಲೇ ಪೆಟ್ಟಿಗೆ ಬಿಡಿಸಿಕೊಂಡು ಮತ್ತೆ ಒಪ್ಪಿಸುವ ಕೆಲಸ. ಒಂದೂವರೆ ಗಂಟೆಯ ಬಿಡುವು ಕಾಗದದ ಮೇಲೆ ಚೆಂದ, ಅಷ್ಟೆ. ಕಡಿಮೆ ದುಡ್ಡಿಗೆ ಸಿಗುತ್ತದೆಂದು ಎರಡು ಬೇರೆ ಬೇರೆ ಟಿಕೆಟ್ ತೆಗೆಯಲೂ ಹೋಗಬೇಡ. ಮೊದಲನೆಯದು ತಡವಾದರೆ ಎರಡನೆಯ ವಿಮಾನದವರು ನಿನಗಾಗಿ ಕಾಯುವುದಿಲ್ಲ, ದುಡ್ಡೂ ಹೋಗುತ್ತದೆ. ಉಳಿಸಿದ ಹಣ ಒಂದು ರಾತ್ರಿಯ ಹೋಟೆಲಿಗೂ ಸಾಲದು.

ವಿಮಾನದ ಒಳಗೆ ಗಾಳಿ ಒಣಗಿರುತ್ತದೆ, ನೀರು ಕುಡಿಯುತ್ತಿರು. ಅಷ್ಟು ಹೊತ್ತು ಕಾಲು ಮಡಚಿ ಕೂತರೆ ರಕ್ತ ಹೆಪ್ಪುಗಟ್ಟುವ ಭಯವುಂಟು. ಪಕ್ಕದವರು ಗೊಣಗಿದರೂ ಸರಿ, ಎದ್ದು ಓಡಾಡು.

ಜನವರಿಯಲ್ಲಿ ಇಲ್ಲಿ ಮಧ್ಯಾಹ್ನ 2ಕ್ಕೆ ನೇರ ವಿಮಾನದಲ್ಲಿ ಹೊರಟರೆ ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತೀಯ. ಇಲ್ಲಿ ಆಗ ಮಾರನೆಯ ಬೆಳಗಿನ 6 ಗಂಟೆ. ಅಮ್ಮ ಹಾಲು ಕಾಯಿಸಲು ಎದ್ದಿರುತ್ತಾಳೆ, ಮೊದಲು ಅವಳಿಗೆ ಫೋನ್ ಮಾಡು. ನನಗೆ ಎಂಟರ ಮೇಲಾದರೂ ನಡೆಯುತ್ತದೆ.