ಹೊಸ ಮರಿ, ಹಳೇ ಹೇಂಟೆ: ಹಿತ್ತಲಲ್ಲಿ ಗೆಲ್ಲಲು 11 ಸೂತ್ರಗಳು

ಬೆಳಿಗ್ಗೆ ಕಾಲೇಜು, ಸಂಜೆ ಕೋಳಿ. ಅಥವಾ ಐದು ದಿನ ಲ್ಯಾಪ್‌ಟಾಪ್, ವೀಕೆಂಡ್‌ಗೆ ಊರಿನ ಹಿತ್ತಲು. ನಾಲ್ಕಾರು ನಾಟಿ ಕೋಳಿ ಸಾಕಿ ಕೈ ಪಳಗಿದೆ, ಮೊಟ್ಟೆಗೆ ಅಕ್ಕಪಕ್ಕದವರೇ ಗಿರಾಕಿಗಳು. ಈಗ ಗುಂಪು ದೊಡ್ಡದು ಮಾಡಬೇಕು ಅಂತ ಹೊರಟಿದ್ದೀರಿ. ಸರಿಯಾದ ನಿರ್ಧಾರ. ಆದರೆ ತಂದ ಮರಿಗಳನ್ನು ಬಾಕ್ಸ್ ಬಗ್ಗಿಸಿ ಹಳೇ ಕೋಳಿಗಳ ಮಧ್ಯೆ ಸುರಿದಿರೋ, ಹಾಕಿದ ದುಡ್ಡು ಕಣ್ಣೆದುರೇ ಹೋಗುತ್ತದೆ. "ನನ್ನ ಕೈಲಿ ಆಗುತ್ತಾ?" ಅನ್ನೋದು ಪ್ರಶ್ನೆಯಲ್ಲ, ಚಟ. ಬಿಟ್ಟುಬಿಡಿ. "ಯಾವ ವಾರ ಏನು ಮಾಡಬೇಕು?" ಅಂತ ಕೇಳಿ.

1. ಮೊದಲು ಹಳೇ ಗುಂಪನ್ನು ಓದಿ.

ಕಾಳು ಎರಚಿ, ಹತ್ತು ನಿಮಿಷ ಫೋನ್ ಜೇಬಲ್ಲಿಟ್ಟು ನೋಡಿ. ಯಾರು ಮೊದಲು ತಿಂತಾರೆ? ಯಾರು ಯಾರನ್ನು ಕುಕ್ಕುತ್ತಾರೆ? ಕೋಳಿಗಳಲ್ಲಿ ಮೇಲಿಂದ ಕೆಳಗಿನವರೆಗೆ ಪಕ್ಕಾ ಸೀನಿಯಾರಿಟಿ ಇದೆ. ನಾರ್ವೆಯ ಪ್ರಾಣಿವಿಜ್ಞಾನಿ ಶೆಲ್ಡರುಪ್-ಎಬ್ಬೆ ಹುಡುಗನಾಗಿದ್ದಾಗಲೇ ಕೋಳಿಗಳನ್ನು ಗಮನಿಸುತ್ತಾ ಬೆಳೆದು, 1922ರಲ್ಲಿ ಈ ಕುಕ್ಕುವ ಕ್ರಮದ ಬಗ್ಗೆ ಪ್ರಬಂಧವನ್ನೇ ಪ್ರಕಟಿಸಿದ. ಹೊಸ ಮರಿ ಬಂತು ಅಂದರೆ ಈ ಪಟ್ಟಿ ಮತ್ತೆ ಬರೆಯಬೇಕು, ಜಗಳ ಅದಕ್ಕೇ. ತಮಾಷೆ ಏನೆಂದರೆ, ಪಟ್ಟದ ಹೇಂಟೆ ಸಾಮಾನ್ಯವಾಗಿ ಮರಿಗಳ ಗೊಡವೆಗೆ ಹೋಗುವುದಿಲ್ಲ. ಕೊನೇ ಸಾಲಿನವಳೇ ಹೆಚ್ಚು ಹಾರಾಡುತ್ತಾಳೆ, ಅವಳಿಗೂ ಕುಕ್ಕಲು ಒಬ್ಬರು ಸಿಕ್ಕರಲ್ಲ! ಅವಳ ಕಾಲಿಗೆ ಒಂದು ಬಣ್ಣದ ದಾರ ಕಟ್ಟಿಡಿ. ಮುಂದೆ ಬೇಕಾಗುತ್ತದೆ.

2. ಕಾವಿಗೆ ಕೂತ ಹೇಂಟೆ ಇದ್ದರೆ ಅವಳಿಗೇ ಕೆಲಸ ವಹಿಸಿ.

ಇದಕ್ಕಿಂತ ಒಳ್ಳೆಯ ಶಾರ್ಟ್‌ಕಟ್ ಇಲ್ಲ. ನಾಟಿ ಹೇಂಟೆ ಎರಡು ಮೂರು ವಾರದಿಂದ ಕಾವು ಕೂತಿದ್ದರೆ, ಒಂದೆರಡು ದಿನದ ಮರಿಗಳನ್ನು ಕತ್ತಲಾದ ಮೇಲೆ ಒಂದೊಂದಾಗಿ ಅವಳ ಹೊಟ್ಟೆಯಡಿಗೆ ಸರಿಸಿ, ಮೊಟ್ಟೆಗಳನ್ನು ಹಿಂದಕ್ಕೆ ತೆಗೆಯಿರಿ. ಬೆಳಗ್ಗೆ ಬೆಳಕು ಹರಿಯುವ ಮುಂಚೆಯೇ ಹೋಗಿ ನೋಡಿ. ಕೊಕ್ ಕೊಕ್ ಎಂದು ಮರಿಗಳನ್ನು ಕರೆಯುತ್ತಿದ್ದರೆ ಕೆಲಸ ಆಯಿತು. ಕುಕ್ಕಿದರೆ ತಕ್ಷಣ ವಾಪಸ್ ತನ್ನಿ, ಹಟ ಮಾಡಬೇಡಿ. ಮರಿ ನಾಲ್ಕೈದು ದಿನದ್ದಾಗಿದ್ದರೆ ಅವಳೂ ಒಪ್ಪುವುದು ಕಷ್ಟ, ಮರಿಯೂ ಅವಳ ಹಿಂದೆ ಹೋಗುವುದು ಕಷ್ಟ. ತಾಯಿ ಒಪ್ಪಿದರೆ ಬಿಸಿ, ಕಾವಲು, ಹಳಬರ ಜೊತೆ ಪರಿಚಯ ಎಲ್ಲ ಅವಳ ಜವಾಬ್ದಾರಿ. ನೆನಪಿಡಿ: ಗಿರಿರಾಜ, ಸ್ವರ್ಣಧಾರೆಯಂಥ ಹೆಬ್ಬಾಳದ ಸುಧಾರಿತ ತಳಿಗಳನ್ನು ಕಾವಿಗೆ ನಂಬಿಕೊಳ್ಳಬೇಡಿ. ಮರಿ ಗಿರಿರಾಜ ಆಗಿರಲಿ, ತಾಯಿ ನಾಟಿಯೇ ಆಗಿರಲಿ.

3. ತಾಯಿ ಇಲ್ಲವೇ? ಬಿಸಿ ನೀವೇ ಕೊಡಿ.

ಮೊದಲ ವಾರ ಮರಿಗಳ ಹತ್ತಿರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಲಿ. ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಎಲ್‌ಇಡಿ ಬಲ್ಬ್ ಹಾಕಿ "ಬಿಸಿಯೇ ಬರಲ್ಲ" ಅನ್ನಬೇಡಿ, ಹಳೇ ಕಾಲದ ಫಿಲಮೆಂಟ್ ಬಲ್ಬೇ ಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನಡಿ ಒಂದರ ಮೇಲೊಂದು ಬಿದ್ದಿದ್ದರೆ ಚಳಿ. ಬಾಯಿ ತೆರೆದು ಅಂಚಿಗೆ ಓಡಿದ್ದರೆ ಸೆಕೆ. ಹರಡಿಕೊಂಡು ಮಲಗಿದ್ದರೆ ನೀವೂ ಮಲಗಿ. ಐದಾರು ವಾರಕ್ಕೆ ಮೈತುಂಬ ಗರಿ ಬರುತ್ತದೆ. ಅಲ್ಲಿಯವರೆಗೆ ಹೊರಗಿನ ರಾತ್ರಿ ಬೇಡ, ಮಲೆನಾಡಿನ ಮಳೆಗಾಲದಲ್ಲಂತೂ ಬೇಡವೇ ಬೇಡ.

4. ದೂರ ಇಡಿ, ಲಸಿಕೆ ಹಾಕಿಸಿ.

ಹೊಸಬರನ್ನು (ಹೇಂಟೆಗೆ ಒಪ್ಪಿಸಿದ್ದರೆ ಅವಳ ಸಮೇತ) ಮೂರು ನಾಲ್ಕು ವಾರ ಬೇರೆ ಜಾಗದಲ್ಲಿ ಸಾಕಿ. ಗಟ್ಟಿಮುಟ್ಟಾಗಿ ಕಾಣುವ ಹಳೇ ಕೋಳಿಯೂ ರೋಗಾಣು ಹೊತ್ತಿರಬಹುದು, ಸಂತೆಯಿಂದ ಬಂದ ಮರಿಯೂ ಹೊತ್ತು ತರಬಹುದು. ಎರಡು ಕಡೆಗೂ ಬೇರೆ ಬೇರೆ ಚಪ್ಪಲಿ, ಬೇರೆ ಬೇರೆ ನೀರಿನ ಪಾತ್ರೆ ಇಡಿ. ಕೊಕ್ಕರೆ ರೋಗದ ಲಸಿಕೆಯನ್ನು 5ರಿಂದ 7ನೇ ದಿನದೊಳಗೆ ಕಣ್ಣಿಗೆ ಒಂದು ಹನಿ ಹಾಕಿಸಿ. ಗಂಬೊರೊ, ಕೋಳಿ ಸಿಡುಬು, ಬೂಸ್ಟರ್ ಯಾವಾಗ ಅಂತ ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಲಸಿಕೆ ಬಾಟಲಿ ಬರುವುದೇ ನೂರಾರು ಡೋಸ್ ಲೆಕ್ಕದಲ್ಲಿ, ನಿಮ್ಮ ಹತ್ತು ಮರಿಗೆ ಒಂದು ಬಾಟಲಿ ದಂಡ. ಬೀದಿಯ ನಾಲ್ಕು ಮನೆಯವರನ್ನು ಸೇರಿಸಿ ಒಂದೇ ದಿನ ಹಾಕಿಸಿ. ಐಸ್ ಹಾಕಿದ ಫ್ಲಾಸ್ಕ್‌ನಲ್ಲಿ ತನ್ನಿ, ಕಲಸಿದ್ದನ್ನು ಆಗಲೇ ಮುಗಿಸಿ.

5. ನೋಡಲಿ, ಮುಟ್ಟದಿರಲಿ.

ಒಂದೇ ಸೂತ್ರ ಪಾಲಿಸುವಷ್ಟು ಟೈಮ್ ಇದೆ ಅಂದರೆ ಇದನ್ನು ಪಾಲಿಸಿ. ಹಳಬರು ಹೊಸಬರನ್ನು ದಿನಾ ನೋಡಬೇಕು, ಕೊಕ್ಕು ಮಾತ್ರ ತಾಕಬಾರದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಇದಕ್ಕೆ ಸಾಮಾನು ಮೊದಲಿಂದಲೂ ಇದೆ: ಬಿದಿರಿನ ಮಂಕರಿ. ಮರಿಗಳ ಮೇಲೆ ಕವುಚಿ, ಮೇಲೊಂದು ಕಲ್ಲು ಹೇರಿ, ಅಂಗಳದ ನಡುವೆ ಇಟ್ಟುಬಿಡುವುದು. ಇಡುವುದು ಹದ್ದು, ಕಾಗೆಗೆ ಹೆದರಿ. ಆದರೆ ಅದೇ ಹೊತ್ತಿಗೆ ಪರಿಚಯವೂ ನಡೆಯುತ್ತದೆ. ಮೊದಲ ದಿನ ಹೇಂಟೆಗಳು ಸುತ್ತು ಹಾಕುತ್ತವೆ. ಒಂದು ಬಂದು ಕತ್ತು ಓರೆ ಮಾಡಿ ಸಂದಿಗೆ ಒಂದೇ ಕಣ್ಣಿಟ್ಟು ನೋಡುತ್ತದೆ, ಬಿದಿರಿಗೆ ಟಕ್ಕನೆ ಕುಕ್ಕುತ್ತದೆ. ಮರಿಗಳು ಚೀಂಗುಟ್ಟಿ ಆ ಬದಿಗೆ ಓಡುತ್ತವೆ. ದಿನ ಕಳೆದ ಹಾಗೆ ಅದೇ ಹೇಂಟೆ ಮಂಕರಿಗೆ ಒರಗಿಕೊಂಡೇ ಮಣ್ಣು ಕೆದರುತ್ತದೆ. ಕುತೂಹಲ ಸತ್ತಿದೆ. ನಿಮಗೆ ಬೇಕಾಗಿರುವುದೂ ಅದೇ.

ನಾಲ್ಕೈದು ವಾರದ ಮರಿಗಳನ್ನು ಬಿಸಿಲಿದ್ದಾಗ ಒಂದೆರಡು ಗಂಟೆ ಹೀಗೆ ಇಡಿ. ಆರು ವಾರ ದಾಟಿದ ಮೇಲೆ ಮಂಕರಿ ಸಾಲದು, ಗೂಡಿನ ಒಂದು ಮೂಲೆಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ ಅಡ್ಡ ಕಟ್ಟಿ. ಇಡೀ ದಿನ ಅಲ್ಲೇ ಇರಲಿ. ಮೇವಿನ ಬಟ್ಟಲನ್ನು ಜಾಲರಿಯ ಎರಡೂ ಬದಿಗೆ, ಒಂದಕ್ಕೊಂದು ಎದುರಾಗಿ ಇಡಿ. ಒಟ್ಟಿಗೆ ತಿನ್ನುವ ಅಭ್ಯಾಸ ಜಾಲರಿ ಇರುವಾಗಲೇ ಆಗಲಿ. ಕನಿಷ್ಠ ಎರಡು ವಾರ. "ಸಾಕೇನೋ, ತೆಗೆದುಬಿಡಲಾ?" ಅನ್ನಿಸಿದ ದಿನ ತೆಗೆಯಬೇಡಿ, ಇನ್ನೂ ಮೂರು ದಿನ ಬಿಡಿ.

6. ವಯಸ್ಸು ಕೇಳಬೇಡಿ, ತೂಕ ನೋಡಿ.

ಅಡುಗೆಮನೆಯ ತಕ್ಕಡಿ ಸಾಕು. ನಾಟಿ ಮರಿ ಮೂರು ತಿಂಗಳಾದರೂ ಸಣ್ಣದೇ, ಅವಸರ ಬೇಡ. ಗಿರಿರಾಜ ಹಾಗಲ್ಲ. ಚೆನ್ನಾಗಿ ಮೇವು ಬಿದ್ದರೆ ಎಂಟು ವಾರಕ್ಕೇ ಒಂದು ಕಿಲೋ ದಾಟಿ ನಾಟಿ ಹೇಂಟೆಯ ಹೆಗಲಿಗೆ ಬರುತ್ತದೆ. ಆಗ ಪೆಟ್ಟು ಉಲ್ಟಾ ಬೀಳುವುದೂ ಉಂಟು: ಗಿರಿರಾಜನ ಹುಂಜ ಮರಿಗಳೇ ಹಳೇ ನಾಟಿ ಹೇಂಟೆಗಳನ್ನು ಅಟ್ಟಾಡಿಸುತ್ತವೆ. ಮರಿ ಹಳಬರ ಮುಕ್ಕಾಲು ಭಾಗಕ್ಕೆ ಬಂದಾಗ ಬೆರೆಸಿ.

7. ಒಂಟಿ ಮರಿ ಬೇಡ.

ಮೂರು ನಾಲ್ಕಾದರೂ ಒಟ್ಟಿಗೆ ಬಿಡಿ. ಒಂದೇ ಇದ್ದರೆ ಪೆಟ್ಟೆಲ್ಲ ಅದಕ್ಕೇ.

8. ಓಡಲು ದಾರಿ ಬಿಡಿ.

ಕೋಳಿಜಗಳ ರಕ್ತಕ್ಕೆ ತಿರುಗುವುದು ಹೆಚ್ಚಾಗಿ ಜಾಗ ಸಾಲದಾದಾಗ, ಮೂಲೆಯಲ್ಲಿ. ಗೂಡಿನೊಳಗೆ ಕೋಳಿಗೆ ಎರಡು ಚದರ ಅಡಿ, ಹೊರಗೆ ಎಂಟು ಹತ್ತು ಚದರ ಅಡಿ ಲೆಕ್ಕ ಇಡಿ. ಕೂರುವ ಗಳುವಿನ ಮೇಲೆ ತಲೆಗೆ ಎಂಟು ಹತ್ತು ಇಂಚು. ಅಂಗಳದಲ್ಲಿ ಹಳೇ ಹಲಗೆ ಒರಗಿಸಿ, ಒಡೆದ ಮಡಕೆ ಇಡಿ, ಸೌದೆ ಪೇರಿಸಿ. ಕಣ್ಣಿಂದ ಮರೆಯಾದರೆ ಅಟ್ಟುವವಳು ಅರ್ಧಕ್ಕೇ ಮರೆತುಬಿಡುತ್ತಾಳೆ. ಜಾಲರಿಯಲ್ಲಿ ಮರಿ ಮಾತ್ರ ನುಸುಳುವಷ್ಟು, ನಾಲ್ಕೈದು ಇಂಚಿನ ಕಿಂಡಿ ಮಾಡಿ. ಒಳಗೆ ಅವಕ್ಕೆ ಬೇರೆ ಮೇವು, ನೀರು ಇರಲಿ. ಸಂಜೆ ಕಿಂಡಿ ಮುಚ್ಚುವುದನ್ನು ಮರೆಯಬೇಡಿ, ಮುಂಗುಸಿಗೆ ಅಷ್ಟೇ ಸಾಕು.

9. ಬೆರೆಸುವ ದಿನ ಬಿಡುವು ಇಟ್ಟುಕೊಳ್ಳಿ.

ಕತ್ತಲಲ್ಲಿ ಮರಿಗಳನ್ನು ಗಳುವಿನ ಮೇಲೆ ಕೂರಿಸಿದರೆ, ಬೆಳಗ್ಗೆ ಹಳೇ ಕೋಳಿಗಳು ಅವು ಹೊಸಬರೆಂಬುದನ್ನೇ ಮರೆತಿರುತ್ತವೆ ಅನ್ನುವವರಿದ್ದಾರೆ. ಎರಡು ವಾರದ ಪರಿಚಯ ಮಾಡಿಸದೆ ಇದೊಂದನ್ನೇ ನಂಬಿದರೆ, ಜಗಳ ಎಂಟು ಗಂಟೆ ಮುಂದೆ ಹೋಗುತ್ತದೆ, ಅಷ್ಟೇ. ನನ್ನ ಮಾತು ಕೇಳಿ: ಭಾನುವಾರ ಸಂಜೆ ನಾಲ್ಕಕ್ಕೆ ಹಳಬರನ್ನು ಹೊರಗೆ ಬಿಡಿ, ಆಮೇಲೆ ಮರಿಗಳನ್ನೂ ಬಿಡಿ. ಗೂಡಿನೊಳಗಲ್ಲ, ಬಯಲಲ್ಲಿ. ರಾಗಿ ಒಂದು ಹಿಡಿ ಅಗಲಕ್ಕೆ ಎರಚಿ. ನುಗ್ಗೆಸೊಪ್ಪಿನ ಕಟ್ಟೊಂದನ್ನು ಕೋಳಿ ಎಗರಿ ಕೀಳುವಷ್ಟು ಎತ್ತರಕ್ಕೆ ತೂಗುಹಾಕಿ. ಬಾಯಿಗೆ ಕೆಲಸ ಇದ್ದರೆ ಕುಕ್ಕಾಟ ಕಡಿಮೆ. ಕತ್ತಲಾದರೆ ಎಲ್ಲರೂ ಗೂಡಿಗೆ. ಮರುದಿನ ಇನ್ನೊಂದು ಗಂಟೆ ಜಾಸ್ತಿ.

10. ಯಾವ ಜಗಳಕ್ಕೆ ಕೈ ಹಾಕಬೇಕು, ತಿಳಿದುಕೊಳ್ಳಿ.

ಒಂದು ಕುಕ್ಕು, ನಾಲ್ಕು ಹೆಜ್ಜೆ ಅಟ್ಟು, ಮತ್ತೆ ಮೇಯಲು ವಾಪಸ್: ಇದು ಮಾಮೂಲು. ನೀವು ನಡುವೆ ಹೋಗಬೇಡಿ, ಅಂಗಳ ಅವಕ್ಕೇ ಬಿಡಿ. ಅಂಗಳದ ಉದ್ದಕ್ಕೂ ಅಟ್ಟುವುದು, ಕತ್ತಿನ ಗರಿ ಹಿಡಿದು ಅದುಮುವುದು, ಮೇವಿನ ಬಟ್ಟಲಿಗೆ ಕಾವಲು ನಿಲ್ಲುವುದು ಕಂಡರೆ ಎದ್ದು ಹೋಗಿ. ಆಗಲೂ ಪೆಟ್ಟು ತಿಂದವಳನ್ನಲ್ಲ, ಕೊಟ್ಟವಳನ್ನು ಹೊರಗೆ ಹಾಕಿ. ಬಣ್ಣದ ದಾರ ಕಟ್ಟಿದ್ದಿರಲ್ಲ, ಬಹುಶಃ ಅವಳೇ. ಮೂರು ನಾಲ್ಕು ದಿನ ಬೇರೆ ಇದ್ದು ಬಂದರೆ ಅವಳ ಜಾಗ ಅಲುಗಾಡಿರುತ್ತದೆ, ಈಗ ಅವಳೇ ಹೊಸಬಳು. ಮರಿಯನ್ನು ತೆಗೆದರೆ ಅದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಒಂದಕ್ಕೆ ಮಾತ್ರ ವಿನಾಯಿತಿ: ರಕ್ತ. ಕೆಂಪು ಕಂಡರೆ ಇಡೀ ಗುಂಪು ಅಲ್ಲೇ ಕುಕ್ಕುತ್ತದೆ. ಗಾಯವಾದದ್ದನ್ನು ತಕ್ಷಣ ಬೇರೆ ಮಾಡಿ, ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿ, ಒಣಗಿದ ಮೇಲೆ ಬಿಡಿ. ಅಲ್ಲಿಯವರೆಗೂ ಅದು ಜಾಲರಿಯಾಚೆ, ಉಳಿದವರ ಕಣ್ಣೆದುರೇ ಇರಲಿ. ಸಂಜೆ ಹೊತ್ತು ಪ್ರತಿ ಮರಿಯ ಕತ್ತಿನ ಬುಡದ ಕಾಳಿನ ಚೀಲ ಮುಟ್ಟಿ ನೋಡಿ. ತುಂಬಿದ್ದರೆ ಮರಿ ತನ್ನ ಪಾಲು ಗಿಟ್ಟಿಸಿಕೊಂಡಿದೆ. ಖಾಲಿ ಇದ್ದರೆ ಯಾರೋ ತಡೆಯುತ್ತಿದ್ದಾರೆ, ಇನ್ನೊಂದು ಬಟ್ಟಲು ದೂರದಲ್ಲಿಡಿ.

11. ಒಂದೇ ಮೇವು, ಬೇರೆ ಚಿಪ್ಪು.

ಇಲ್ಲಿ ಎಡವುವವರು ಜಾಸ್ತಿ. ಬೆರೆಸಿದ ಮೇಲೆ ಯಾರ ಬಟ್ಟಲಿಗೆ ಯಾರು ಬಾಯಿ ಹಾಕಬೇಕು ಅಂತ ನೀವು ಹೇಳಲಾಗದು. ಲೇಯರ್ ಮೇವಿನಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4ರಷ್ಟು ಇರುತ್ತದೆ. ಮೊಟ್ಟೆ ಇಡುವವಳಿಗೆ ಅದು ಬೇಕು, ಬೆಳೆಯುವ ಮರಿಯ ಮೂತ್ರಪಿಂಡಕ್ಕೆ ಅದು ಹೊರೆ. ಗ್ರೋಯರ್ ಮೇವಿನಲ್ಲಿ ಇರುವುದು ಶೇ. 1ರ ಆಸುಪಾಸು. ಹಾಗಾಗಿ ಎಲ್ಲರಿಗೂ ಗ್ರೋಯರ್ ಹಾಕಿ, ಪುಡಿ ಮಾಡಿದ ಕಪ್ಪೆಚಿಪ್ಪನ್ನೋ ಒಣಗಿಸಿದ ಮೊಟ್ಟೆ ಸಿಪ್ಪೆಯನ್ನೋ ಬೇರೆ ಬಟ್ಟಲಲ್ಲಿಡಿ. ಬೇಕಾದ ಹೇಂಟೆ ತಾನೇ ಹೋಗಿ ತಿನ್ನುತ್ತದೆ. ಮರಿಗಳಿಗೆ 18 ವಾರ ತುಂಬಿದ ಮೇಲೆ, ಇಲ್ಲವೇ ಅವುಗಳ ಮೊದಲ ಮೊಟ್ಟೆ ಕಂಡ ಮೇಲೆ, ಒಂದು ವಾರದಲ್ಲಿ ಸ್ವಲ್ಪಸ್ವಲ್ಪವೇ ಬೆರೆಸುತ್ತಾ ಲೇಯರ್ ಮೇವಿಗೆ ಬದಲಾಯಿಸಿ. ಅಷ್ಟರೊಳಗೆ ಇನ್ನೊಂದು ಬ್ಯಾಚ್ ಮರಿ ತಂದಿದ್ದರೆ ಮಾತ್ರ ಗ್ರೋಯರ್‌ನಲ್ಲೇ ಮುಂದುವರಿಯಿರಿ.