ಹಳೆಯ ಸೀರೆ, ಹೊಸ ಕೌದಿ

ಉತ್ತರ ಕರ್ನಾಟಕದ ಹಳ್ಳಿಯ ಮನೆಗಳಲ್ಲಿ ಸೀರೆಯೊಂದರ ಆಯುಷ್ಯವು ಅದು ಹರಿದ ದಿನವೇ ಮುಗಿಯುತ್ತಿರಲಿಲ್ಲ. ಇಳಕಲ್ಲಿನ ಸೀರೆಯನ್ನು ಮೊದಲು ಮದುವೆ ಹಬ್ಬಗಳಲ್ಲಿ ಉಡುತ್ತಿದ್ದರು. ಬಣ್ಣ ಮಾಸಿದ ಬಳಿಕ ಅದು ದಿನಬಳಕೆಗೆ ಇಳಿಯುತ್ತಿತ್ತು. ಅನಂತರ ಹೊಲದ ಕೆಲಸಕ್ಕೆ. ನಡುವೆ ಸವೆದು ಜಾಳಾದಾಗ ಆ ಭಾಗವನ್ನು ಕತ್ತರಿಸಿ ತೆಗೆದು, ಗಟ್ಟಿ ಉಳಿದ ಎರಡು ತುದಿಗಳನ್ನು ಜೋಡಿಸಿ ಹೊಲಿದು ಮತ್ತಷ್ಟು ಕಾಲ ಉಡುವುದಿತ್ತು. ಅದೂ ಆದ ಮೇಲೆ ಸೀರೆಯು ಕೂಸಿನ ತೊಟ್ಟಿಲಾಗುತ್ತಿತ್ತು, ಬುತ್ತಿಯ ಗಂಟಿನ ಬಟ್ಟೆಯಾಗುತ್ತಿತ್ತು, ಬಿಸಿ ಪಾತ್ರೆ ಇಳಿಸುವ ಮಸಿಯರಿವೆಯಾಗುತ್ತಿತ್ತು. ಅದರಲ್ಲಿ ಹಸನಾಗಿ ಉಳಿದ ಭಾಗವನ್ನು ಮಾತ್ರ ಮನೆಯ ಹಿರಿಯ ಹೆಂಗಸು ಮಡಿಚಿ ಒಂದು ಗಂಟಿನಲ್ಲಿ ಇಡುತ್ತಿದ್ದಳು. ಆ ಗಂಟು ಸಾಕಷ್ಟು ದೊಡ್ಡದಾದ ವರ್ಷ ಮನೆಯಲ್ಲಿ ಕೌದಿ ಹೊಲಿಯುವ ಮಾತು ಏಳುತ್ತಿತ್ತು.

ಕೌದಿಯೆಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಕೈಯಿಂದಲೇ ಹೊಲಿದ ಹೊದಿಕೆ. ಹಾಸಲೂ ಅದೇ, ಹೊದೆಯಲೂ ಅದೇ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ ಮುಂತಾದ ಕಡೆ ಇದು ಮನೆಮನೆಯ ವಸ್ತು. ಬಂದ ನೆಂಟರಿಗೆ ಹಾಸಿ ಕೊಡಲು ಎಷ್ಟು ಕೌದಿಗಳಿವೆ ಎಂಬುದು ಗೃಹಿಣಿಯ ಹೆಮ್ಮೆಯ ವಿಷಯವಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಗಂಡಸರು ಹೇಳಿರಬಹುದು; ಹಾಸಿಗೆಯನ್ನೇ ಒಂದು ಮೊಳ ಉದ್ದ ಮಾಡುವ ಉಪಾಯವನ್ನು ಕಂಡುಕೊಂಡವರು ಹೆಂಗಸರು.

ಕೌದಿಗೆ ಹಳೆಯ ಬಟ್ಟೆಯೇ ಏಕೆ? ಬಡತನ ಎಂಬುದು ಸುಲಭವಾಗಿ ಸಿಗುವ ಉತ್ತರ. ಅದು ಅರ್ಧ ಮಾತ್ರ ನಿಜ. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಒಗೆದಾಗ ಅದು ಕುಗ್ಗುತ್ತದೆ, ಬಣ್ಣ ಬಿಡುತ್ತದೆ. ಕುಗ್ಗುವ ಬಟ್ಟೆಯನ್ನೂ ಕುಗ್ಗದ ಬಟ್ಟೆಯನ್ನೂ ಸೇರಿಸಿ ಹೊಲಿದರೆ ಮೊದಲ ಒಗೆತದಲ್ಲಿಯೇ ಕೌದಿಯು ಸೊಟ್ಟಗಾಗುತ್ತದೆ. ನೂರಾರು ಸಲ ಒಗೆದ ಸೀರೆ ಕುಗ್ಗುವಷ್ಟು ಕುಗ್ಗಿ, ಬಣ್ಣ ಬಿಡುವಷ್ಟು ಬಿಟ್ಟು ಮುಗಿದಿರುತ್ತದೆ. ಅದರ ನೂಲು ಮೆತ್ತಗಾಗಿ ಸೂಜಿಗೆ ಹಾದಿ ಬಿಡುತ್ತದೆ. ಎಳೆಗೂಸಿನ ಮೈಗೆ ಅಂತಹ ಬಟ್ಟೆ ಚುಚ್ಚುವುದಿಲ್ಲ. ಹೀಗೆ, ಉಡಲು ಯಾವುದು ದೋಷವೋ ಕೌದಿಗೆ ಅದೇ ಗುಣವಾಯಿತು. ಸವೆತವನ್ನು ಮರೆಮಾಚಬೇಕಾದ ಅಗತ್ಯ ಈ ಕಲೆಗೆ ಬೀಳಲಿಲ್ಲ. ಸವೆತವೇ ಅದರ ಮೂಲದ್ರವ್ಯ.

ಹೊಲಿಗೆಯ ಕ್ರಮವೂ ಗಮನಿಸತಕ್ಕದ್ದು. ಸುಗ್ಗಿಯ ಕೆಲಸ ಮುಗಿದ ಬಿಸಿಲುಗಾಲದ ಮಧ್ಯಾಹ್ನಗಳಲ್ಲಿ ಪಡಸಾಲೆಯ ನೆಲವನ್ನು ಗುಡಿಸಿ, ಅಗಲವಾದ ಸೀರೆಯೊಂದನ್ನು ಸುಕ್ಕಿಲ್ಲದಂತೆ ಹಾಸುತ್ತಾರೆ. ಇದು ಕೌದಿಯ ತಳ. ಅದರ ಮೇಲೆ ಹಳೆಯ ಧೋತರ, ಅಂಗಿ, ಚಾದರಗಳ ಪದರ. ಬಳಿಕ ಮೇಲ್ಮೈಯ ತುಂಡುಗಳು: ಇಳಕಲ್ ಸೀರೆಯ ಒಡಲು, ಗುಳೇದಗುಡ್ಡದ ಖಣದ ಕುಪ್ಪಸದ ತೋಳು, ಮಗನ ಶಾಲೆಯ ಅಂಗಿಯ ಬೆನ್ನು. ಯಾವ ತುಂಡು ಯಾವುದರ ಪಕ್ಕ ಬರಬೇಕೆಂಬುದಕ್ಕೆ ನಕ್ಷೆಯಿಲ್ಲ. ತುಂಡುಗಳನ್ನು ಒಂದರ ಬಳಿ ಒಂದಿಟ್ಟು, ದೂರ ನಿಂತು ನೋಡಿ, ಒಪ್ಪದಿದ್ದರೆ ತೆಗೆದು ಬೇರೆಡೆ ಇಡುತ್ತಾರೆ. ಕೆಂಪಿನ ಪಕ್ಕ ಹಸಿರು, ದಟ್ಟ ನೀಲಿಯ ಪಕ್ಕ ಮಾಸಿದ ಬಿಳಿ. ಬಣ್ಣದ ಈ ವಿವೇಕ ಅವರಿಗೆ ಯಾವ ಶಾಲೆಯಲ್ಲಿಯೂ ದೊರೆತುದಲ್ಲ.

ಅನಂತರ ದಪ್ಪ ಸೂಜಿ, ಗಟ್ಟಿ ದಾರ. ಹೊಲಿಗೆ ಅತ್ಯಂತ ಸರಳವಾದುದು: ಸೂಜಿಯು ಮೇಲಿನಿಂದ ಕೆಳಗಿಳಿದು, ಎಳ್ಳುಕಾಳಿನಷ್ಟು ದೂರ ಹೋಗಿ ಮತ್ತೆ ಮೇಲೇಳುತ್ತದೆ. ಇಂತಹ ಸಾಲುಗಳು ಅಂಚಿನಿಂದ ಹೊರಟು ಕೌದಿಯ ಸುತ್ತ ತಿರುಗುತ್ತ ನಡುವಿನತ್ತ ಸರಿಯುತ್ತವೆ. ನಾಲ್ಕಾರು ಹೆಂಗಸರು ನಾಲ್ಕೂ ಕಡೆ ಕುಳಿತು ಏಕಕಾಲಕ್ಕೆ ಹೊಲಿಯಲು ಇದರಿಂದ ಅನುಕೂಲ. ದಾರವನ್ನು ತುಸುವೇ ಬಿಗಿದು ಎಳೆಯುವುದರಿಂದ ಸಾಲುಗಳ ನಡುವೆ ಬಟ್ಟೆಯು ಸಣ್ಣ ಅಲೆಗಳಂತೆ ಉಬ್ಬುತ್ತದೆ. ನೋಡುವವರಿಗೆ ಇದೊಂದು ಅಲಂಕಾರ. ಆದರೆ ಆ ಉಬ್ಬುಗಳಲ್ಲಿಯೂ ಪದರಗಳ ನಡುವೆಯೂ ಗಾಳಿ ನಿಲ್ಲುತ್ತದೆ. ನಿಂತ ಗಾಳಿಯ ಮೂಲಕ ಶಾಖವು ಬೇಗ ಹರಿದುಹೋಗುವುದಿಲ್ಲ. ಉಣ್ಣೆಯ ಒಂದು ಎಳೆಯೂ ಇಲ್ಲದ ಕೌದಿ ಮಾಗಿಯ ಚಳಿಯನ್ನು ತಡೆಯುವ ಗುಟ್ಟು ಇದೇ.

ಮನೆಯವರಿಗೆ ಬಿಡುವಿಲ್ಲದಿದ್ದಲ್ಲಿ ಗೊಂದಲಿಗ ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಊರಿಗೆ ಬಂದು ಕೌದಿ ಹೊಲಿದು ಕೊಡುತ್ತಿದ್ದರು. ಬಟ್ಟೆ ಮನೆಯವರದು, ಕೈಗೆಲಸ ಅವರದು. ಜೋಳ, ಊಟ, ಒಂದಿಷ್ಟು ಹಣ, ಇದೇ ಕೂಲಿ. ಊರೂರಿನ ಕೌದಿಗಳಲ್ಲಿ ಅವರ ಬೆರಳಿನ ಗುರುತು ಉಳಿದಿದೆ, ಹೆಸರು ಮಾತ್ರ ಎಲ್ಲಿಯೂ ಉಳಿದಿಲ್ಲ.

ಬಯಲುಸೀಮೆಯ ಕೌದಿಗೆ ಉತ್ತರ ಕನ್ನಡದ ಕಾಡಿನಲ್ಲೊಂದು ಸೋದರಿ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲಸಿರುವ ಸಿದ್ದಿಯರು ಆಫ್ರಿಕ ಮೂಲದವರು. ಅವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಉತ್ತರ ಕನ್ನಡದ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯ ಮಾಡಲಾಯಿತು. ಅಲ್ಲಿನ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ಅದರಲ್ಲಿ ತುಂಡುಗಳನ್ನು ಮೊದಲೇ ಜೋಡಿಸುವುದಿಲ್ಲ. ಒಂದು ಮೂಲೆಯಿಂದ ಹೊಲಿಯುತ್ತ ಹೋದಂತೆ ಒಂದೊಂದೇ ತುಂಡನ್ನು ಸೇರಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ತ್ರಿಕೋನಾಕಾರವಾಗಿ ಮಡಿಚಿದ ಬಟ್ಟೆಯ ಹೂಗಳನ್ನು ಕೂಡಿಸಿದ ಮೇಲೆಯೇ ಅದು ಪೂರ್ಣವಾದಂತೆ. ಹೂವಿಲ್ಲದ ಕವಂದಿಯೂ ಅಷ್ಟೇ ಬೆಚ್ಚಗಿರುತ್ತದೆ ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರು ಈ ಕಲೆಯನ್ನು ಅಭ್ಯಸಿಸಿದರು. 2011ರಲ್ಲಿ ಸಿದ್ದಿ ಹೆಂಗಸರ ಕವಂದಿಗಳು ನ್ಯೂಯಾರ್ಕ್ ನಗರದ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದುವು. ಬಂಗಾಳದ ಕಾಂಥಾ, ಮಹಾರಾಷ್ಟ್ರದ ಗೋಧಡಿಗಳೂ ಇದೇ ಮನೆತನಕ್ಕೆ ಸೇರಿದವು.

ಈ ನಡುವೆ ಕೌದಿಯ ದಾರಿಗೆ ಎರಡು ಅಡ್ಡಿಗಳು ಬಂದುವು. ಸ್ಟೀಲಿನ ಪಾತ್ರೆಯ ಬುಟ್ಟಿ ಹೊತ್ತು ಬೀದಿಗೆ ಬರುವವಳು ಹಳೆಯ ಬಟ್ಟೆಗೆ ಪಾತ್ರೆ ಕೊಡತೊಡಗಿದಳು. ಅವಳ ಬದುಕೂ ಸುಲಭದ್ದಲ್ಲ. ಆದರೆ ಅತ್ತೆಯ ಕಾಲದ ನಾಲ್ಕು ಸೀರೆಗಳು ಒಂದು ಡಬ್ಬಿಯಾಗಿ ಅಡಿಗೆಮನೆಯ ಹಲಗೆ ಸೇರಿದಾಗ, ಮುಂದಿನ ಕೌದಿ ಅಲ್ಲಿಗೇ ನಿಂತಿತು. ಎರಡನೆಯದು ಕೃತಕ ನೂಲಿನ ಸೀರೆ. ಅದು ಬೇಗ ಸವೆಯುವುದಿಲ್ಲ, ಸವೆದರೂ ಮೆತ್ತಗಾಗುವುದಿಲ್ಲ, ಬೆವರನ್ನು ಹೀರುವುದಿಲ್ಲ. ಹೊಲಿಯುವಾಗ ಪದರಗಳು ಜಾರುತ್ತವೆ. ಗಿರಣಿಯ ಅಗ್ಗದ ಕಂಬಳಿ ಪೇಟೆಗೆ ಬಂದ ಮೇಲೆ ಯಾರೂ ಹೆಚ್ಚು ಕೊರಗಲಿಲ್ಲ.

ವಿಚಿತ್ರವೆಂದರೆ, ಹಳ್ಳಿಯ ಮನೆಯಿಂದ ಸರಿಯುತ್ತಿರುವ ಕೌದಿಯನ್ನು ಇಂದು ಪಟ್ಟಣದ ಮನೆಗಳು ಬರಮಾಡಿಕೊಳ್ಳುತ್ತಿವೆ. ಅಲ್ಲಿ ಅದು ಸೋಫಾದ ಹೊದಿಕೆ, ಗೋಡೆಗೆ ತೂಗುವ ಚಿತ್ರ, ದಿಂಬಿನ ಚೀಲ. ಹರಿದು ತೇಪೆ ಹಾಕಿದ್ದನ್ನು ನಾಚಿಕೆಯಿಂದ ಮುಚ್ಚಿಡುತ್ತಿದ್ದವರ ಮೊಮ್ಮಕ್ಕಳು ಅದನ್ನೇ ಬೆಲೆ ಕೊಟ್ಟು ಗೋಡೆಗೆ ಏರಿಸುತ್ತಾರೆ. ಇದನ್ನು ಬರಿಯ ಶೋಕಿಯೆಂದು ಹಳಿಯುವುದು ನ್ಯಾಯವಲ್ಲ. ಇದರಿಂದ ಅನೇಕ ಹೆಂಗಸರಿಗೆ ನಾಲ್ಕು ಕಾಸು ದೊರೆಯುವಂತಾಗಿದೆ. ಆದರೆ ಕೇಳಬೇಕಾದ ಪ್ರಶ್ನೆಗಳೂ ಇವೆ. ಅಂಗಡಿಯ ಬೆಲೆಯಲ್ಲಿ ಸೂಜಿ ಹಿಡಿದವಳ ಪಾಲು ಎಷ್ಟು? ಬೇಡಿಕೆ ಹೆಚ್ಚಿದಲ್ಲಿ ಹೊಸ ಬಟ್ಟೆಯನ್ನೇ ಕತ್ತರಿಸಿ ತುಂಡು ಮಾಡಿ, ಹಳೆಯದರಂತೆ ಕಾಣಲೆಂದು ಬಣ್ಣ ಮಾಸುವಂತೆ ತೊಳೆದು ಹೊಲಿಯುವುದೂ ಉಂಟು. ಅದು ನೋಡಲು ಚೆಲುವಾಗಿರಬಹುದು. ಒಂದು ಮನೆಯ ಮೂವತ್ತು ವರ್ಷಗಳು ಅದರೊಳಗೆ ಇರುವುದಿಲ್ಲ.

ನವರಾತ್ರಿಗೆ ಮುನ್ನ ಮನೆಯ ಹಾಸಿಗೆಗಳನ್ನೆಲ್ಲ ಒಗೆಯುವ ರೂಢಿ ಆ ಸೀಮೆಯಲ್ಲಿ ಉಂಟು. ಹಳ್ಳದ ದಂಡೆಯಲ್ಲಿ ನೀರು ಕುಡಿದು ಭಾರವಾದ ಕೌದಿಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಾರೆ. ಬಂಡೆಯ ಮೇಲೆ ಹರವಿ ಒಣಗಿಸುತ್ತಾರೆ. ಎಲ್ಲಿ ದಾರ ಬಿಟ್ಟಿದೆ, ಯಾವ ತುಂಡು ಜೀರ್ಣವಾಗಿದೆ ಎಂಬುದು ಆಗಲೇ ಕಾಣುವುದು. ತೇಪೆಯ ಮೇಲೆ ಹೊಸ ತೇಪೆ ಬೀಳುತ್ತದೆ. ಇನ್ನು ತೇಪೆಯೂ ನಿಲ್ಲದು ಎಂದಾದಾಗ ಆ ಕೌದಿಯನ್ನು ಎಸೆಯುವುದಿಲ್ಲ. ಮುಂದಿನ ಬಿಸಿಲುಗಾಲದಲ್ಲಿ ಪಡಸಾಲೆಯ ನೆಲದ ಮೇಲೆ ಇನ್ನೊಂದು ಸೀರೆಯನ್ನು ಹಾಸಿ, ಹಳೆಯ ಕೌದಿಯನ್ನು ಅದರ ಮೇಲೆ ನಡುಪದರವಾಗಿ ಹರವಿ, ಮತ್ತೆ ಅಂಚಿನಿಂದ ಹೊಲಿಯಲು ತೊಡಗುತ್ತಾರೆ.